ಮೀಡಿಯಾವಿಕಿಯ ಕನ್ನಡ ಕೆಲಸ: ಗೆರಿಟ್ ಪ್ರವೇಶ ಮತ್ತು ಗಿಟ್ ಸಜ್ಜು

ವಿಕಿಪೀಡಿಯ ಓಡುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ. ಅದರ ಕೋಡ್ ಪರಿಶೀಲನೆ ನಡೆಯುವುದು ಗೆರಿಟ್ ಎಂಬ ತಾಣದಲ್ಲಿ. ಗಿಟ್‌ಹಬ್‌ನಲ್ಲಿ ಕಾಣುವುದು ಅದರ ಪ್ರತಿ ಮಾತ್ರ, ಅಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಎಂಬ ಕೋರಿಕೆ) ಹಾಕಿ ಕಾಯುತ್ತ ಕೂರಬೇಡಿ. ಈ ಹಂತದ ಗುರಿ ಚಿಕ್ಕದು: ಕನ್ನಡದ ಭಾಷಾ ಕಡತಕ್ಕೆ ಪ್ಯಾಚ್ (ತಿದ್ದುಪಡಿ) ಕಳಿಸಲು ಬೇಕಾದ ಖಾತೆ, ಕೀಲಿ, ಹುಕ್ (ತಾನಾಗಿ ಓಡುವ ಚಿಕ್ಕ ಸ್ಕ್ರಿಪ್ಟ್) ಮೂರೂ ಸರಿಯಾಗಿ ಕೂರಬೇಕು.

ಯಾವ ಕೆಲಸ ಎಲ್ಲಿ ಎಂಬುದು ಮೊದಲು ಗೊತ್ತಿರಲಿ. ಪರದೆಯ ಮೇಲೆ ಕಾಣುವ ಸಂದೇಶಗಳ ಅನುವಾದ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಆಗುತ್ತದೆ. ಅಲ್ಲಿಂದ ಒಂದು ಬಾಟ್ ಅವನ್ನು ಕೆಎನ್.ಜೇಸನ್ ಕಡತಕ್ಕೆ ತಂದು ಸೇರಿಸುತ್ತದೆ. ಆ ಕಡತವನ್ನು ನಾವೇ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ತಿದ್ದಿದರೆ ಬಾಟ್ ಮುಂದಿನ ಸಲ ಬಂದಾಗ ತಿದ್ದುಪಡಿ ಅಳಿದುಹೋಗಬಹುದು. ಗೆರಿಟ್ ಬೇಕಾಗುವುದು ಮೆಸೇಜಸ್‌ಕೆಎನ್.ಪಿಎಚ್‌ಪಿ ಕಡತದ ಕೆಲಸಕ್ಕೆ. ‘ಸದಸ್ಯ’, ‘ವರ್ಗ’ದಂಥ ನಾಮವರ್ಗದ (ನೇಮ್‌ಸ್ಪೇಸ್, ಪುಟದ ಹೆಸರಿನ ಮೊದಲಿಗೆ ಬರುವ ವಿಭಾಗ) ಹೆಸರುಗಳು ಅದರಲ್ಲಿವೆ. ತುಳುವಿಗೆ ಅನುವಾದವಾಗದ ಸಂದೇಶ ಕನ್ನಡದಿಂದಲೇ ಬರುವುದರಿಂದ, ಕನ್ನಡದಲ್ಲಿ ಉಳಿದ ತಪ್ಪು ತುಳು ಓದುಗರ ಮುಂದೆಯೂ ನಿಲ್ಲುತ್ತದೆ. ಈ ಕೆಲಸಕ್ಕೆ ಇಷ್ಟು ಎಚ್ಚರ ಬೇಕಿರುವುದು ಅದಕ್ಕೇ.

ಖಾತೆ: ಮುಗಿದಿದೆ

ವಿಕಿಪೀಡಿಯದ ಲಾಗಿನ್ ಇಲ್ಲಿ ನಡೆಯುವುದಿಲ್ಲ. ವಿಕಿಮೀಡಿಯ ಡೆವಲಪರ್ ಖಾತೆ ಎಂದು ಬೇರೆಯೇ ತೆರೆಯಬೇಕು, ಅದಕ್ಕೆ ಯಾರ ಅನುಮತಿಯೂ ಬೇಡ. ಖಾತೆಯಲ್ಲಿ ಎರಡು ಹೆಸರಿರುತ್ತವೆ: ಬಳಕೆದಾರ ಹೆಸರು, ಶೆಲ್ ಹೆಸರು. ಎಸ್‌ಎಸ್‌ಎಚ್‌ಗೆ (ಕೀಲಿ ಬಳಸಿ ಸರ್ವರ್ ತಲುಪುವ ಸುರಕ್ಷಿತ ದಾರಿ) ಶೆಲ್ ಹೆಸರನ್ನೇ ಕೊಡಬೇಕು. ಇವೆರಡು ಅದಲುಬದಲಾದರೆ ಕೀಲಿ ಸರಿಯಿದ್ದರೂ ‘ಪರ್ಮಿಷನ್ ಡಿನೈಡ್’ ಬರುತ್ತದೆ, ತಪ್ಪು ಕೀಲಿಯದ್ದೇ ಅಂತ ಜನ ಹೊಸ ಹೊಸ ಕೀಲಿ ಮಾಡುತ್ತಲೇ ಇರುತ್ತಾರೆ.

ಕೀಲಿಯನ್ನು ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಆಜ್ಞೆಯಿಂದ ಮಾಡಿ, ‘.ಪಬ್’ ಎಂದು ಮುಗಿಯುವ ಕಡತದ ಸಾಲನ್ನು ಮಾತ್ರ ಗೆರಿಟ್‌ನ ಸೆಟ್ಟಿಂಗ್ಸ್‌ಗೆ ಅಂಟಿಸಬೇಕು. ಪೋರ್ಟ್ 22 ಅಲ್ಲ, 29418. ಹಲವು ಕಾಲೇಜು, ಕಚೇರಿಗಳ ಜಾಲದಲ್ಲಿ ಈ ಪೋರ್ಟ್ ಮುಚ್ಚಿರುತ್ತದೆ. ಸಂಪರ್ಕ ಉತ್ತರವೇ ಇಲ್ಲದೆ ನೇತಾಡಿದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ನೋಡಿ. ಅಲ್ಲಿ ಸಂಪರ್ಕ ಆದರೆ ಅಡ್ಡಿ ಜಾಲದ್ದೇ. ಆಗ ಗೆರಿಟ್‌ನಲ್ಲಿ ಎಚ್‌ಟಿಟಿಪಿ ಪಾಸ್‌ವರ್ಡ್ ಹುಟ್ಟಿಸಿಕೊಂಡು ಎಚ್‌ಟಿಟಿಪಿಎಸ್ ಮೂಲಕ ಕಳಿಸಬಹುದು.

ಗಿಟ್-ರಿವ್ಯೂ ಮತ್ತು ಹುಕ್: ಮುಗಿದಿದೆ

ಗಿಟ್-ರಿವ್ಯೂ ಎಂದರೆ ಪ್ಯಾಚ್‌ಗಳನ್ನು ಗೆರಿಟ್‌ಗೆ ಕಳಿಸುವ ಉಪಕರಣ. ‘ಪಿಪ್ ಇನ್‌ಸ್ಟಾಲ್ ಗಿಟ್-ರಿವ್ಯೂ’ ಹಾಕಿ, ಕ್ಲೋನ್ ಮಾಡಿದ (ಕೋಡ್ ನಕಲಿಸಿಕೊಂಡ) ಫೋಲ್ಡರ್ ಒಳಗೆ ‘ಗಿಟ್ ರಿವ್ಯೂ -ಎಸ್’ ಕೊಟ್ಟರೆ ಎರಡು ಕೆಲಸ ಆಗುತ್ತವೆ: ‘ಗೆರಿಟ್’ ಹೆಸರಿನ ರಿಮೋಟ್ (ಕಳಿಸುವ ವಿಳಾಸ) ಸೇರುತ್ತದೆ, ಕಮಿಟ್-ಎಂಎಸ್‌ಜಿ ಹುಕ್ ಬಂದು ಕೂರುತ್ತದೆ. ಪ್ರತಿ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಸಂದೇಶದ ಕೊನೆಗೆ ಚೇಂಜ್-ಐಡಿ ಬರೆಯುವುದು ಆ ಹುಕ್. ‘ಐ’ ಅಕ್ಷರ, ಅದರ ನಂತರ 40 ಹೆಕ್ಸ್ ಅಂಕಿ. ಗೆರಿಟ್‌ಗೆ ಪ್ಯಾಚ್‌ನ ಗುರುತು ಇದೇ.

ಓಪನ್‌ಎಸ್‌ಎಸ್‌ಎಚ್ 9.0ರಿಂದ (2022) ಕಡತ ನಕಲಿಸುವ ಎಸ್‌ಸಿಪಿ ಆಜ್ಞೆ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ವಿಧಾನ ಬಳಸುತ್ತದೆ, ಗೆರಿಟ್‌ಗೆ ಅದು ಗೊತ್ತಿಲ್ಲ. ಹೀಗಾಗಿ ಹಳೆಯ ಗಿಟ್-ರಿವ್ಯೂ ಇದ್ದರೆ ಹುಕ್ ಇಳಿಯುವಾಗಲೇ ಮುರಿಯುತ್ತದೆ. ಗಿಟ್-ರಿವ್ಯೂ ಹೊಸದು ಹಾಕಿ, ಇಲ್ಲವೇ ಎಸ್‌ಸಿಪಿಗೆ ದೊಡ್ಡ ‘-ಓ’ ಕೊಟ್ಟು ಹುಕ್ ಕಡತವನ್ನು ಕೈಯಾರೆ ತನ್ನಿ. ಕೈಯಾರೆ ತಂದರೆ ‘ಸಿಎಚ್‌ಮಾಡ್ +ಎಕ್ಸ್’ ಮರೆಯುವಂತಿಲ್ಲ. ಅದಿಲ್ಲದ ಹುಕ್ ಓಡುವುದೇ ಇಲ್ಲ, ಚೇಂಜ್-ಐಡಿ ಬರುವುದೂ ಇಲ್ಲ.

‘ಯೂಸರ್.ಇಮೇಲ್’ನಲ್ಲಿ ಇರುವ ವಿಳಾಸ ಗೆರಿಟ್‌ನಲ್ಲಿ ನೋಂದಾಯಿಸಿದ್ದೇ ಆಗಿರಬೇಕು. ಬೇರೆಯಿದ್ದರೆ ‘ಫೋರ್ಜ್ ಕಮಿಟರ್’ ಅನುಮತಿ ಇಲ್ಲವೆಂದು ತಿರಸ್ಕರಿಸುತ್ತದೆ. ಕಚೇರಿ ಕೆಲಸಕ್ಕೆ ಬೇರೆ ಇಮೇಲ್ ಇರುವವರು ‘--ಗ್ಲೋಬಲ್’ ಬಿಟ್ಟು, ಈ ಫೋಲ್ಡರ್ ಒಳಗೆ ನಿಂತು ಮಾತ್ರ ಹೊಂದಿಸಿಕೊಳ್ಳುವುದು ಒಳ್ಳೆಯದು.

ಕನ್ನಡ ಅಕ್ಷರಕ್ಕಾಗಿ ಹೊಂದಿಕೆ

ಕಡತದ ಹೆಸರು ಕನ್ನಡದಲ್ಲಿದ್ದರೆ ‘ಗಿಟ್ ಸ್ಟೇಟಸ್’ನಲ್ಲಿ ‘ಕ’ ಬದಲು \340\262\225 ಕಾಣುತ್ತದೆ. ಕಡತ ಕೆಟ್ಟಿಲ್ಲ. ಆ ಅಕ್ಷರದ ಯುಟಿಎಫ್-8 ಸಂಕೇತದ ಮೂರು ಬೈಟ್‌ಗಳನ್ನು ಗಿಟ್ ಆಕ್ಟಲ್‌ನಲ್ಲಿ (ಎಂಟರ ಎಣಿಕೆಯಲ್ಲಿ) ತೋರಿಸುತ್ತಿದೆ, ಅಷ್ಟೆ. ‘ಕೋರ್.ಕೋಟ್‌ಪಾತ್’ಗೆ ‘ಫಾಲ್ಸ್’ ಕೊಟ್ಟರೆ ಅಕ್ಷರ ಕಾಣುತ್ತದೆ. ವಿಂಡೋಸ್‌ನಲ್ಲಿ ‘ಕೋರ್.ಆಟೋಸಿಆರ್‌ಎಲ್‌ಎಫ್’ ಅನ್ನು ‘ಇನ್‌ಪುಟ್’ ಮಾಡಿಟ್ಟರೆ ಸಾಲಿನ ಕೊನೆಯ ಗುರುತಿನ ವ್ಯತ್ಯಾಸದಿಂದ ಇಡೀ ಕಡತವೇ ಬದಲಾದಂತೆ ಡಿಫ್ (ವ್ಯತ್ಯಾಸದ ಪಟ್ಟಿ) ಬರುವುದು ತಪ್ಪುತ್ತದೆ.

ಕಣ್ಣಿಗೆ ಬೀಳದ ಬದಲಾವಣೆಗಳು ಇದಕ್ಕಿಂತ ಕಷ್ಟ. ‘ಸಾಫ್ಟ್‌ವೇರ್’ನಲ್ಲಿ ‘ವ’ ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರವೊಂದು ನಡುವೆ ಕೂತಿರುತ್ತದೆ. ‘ಕೊ’ದ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ಮೀಡಿಯಾವಿಕಿ ಪುಟಗಳ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿದ ರೂಪಕ್ಕೆ ತರುತ್ತದೆ. ಪಿಎಚ್‌ಪಿ ಕಡತದಲ್ಲೂ ಅದೇ ಇರಲಿ. ಕಮಿಟ್‌ಗೆ ಮುನ್ನ ‘ಗಿಟ್ ಆ್ಯಡ್ -ಪಿ’ ಕೊಟ್ಟು ತುಂಡು ತುಂಡಾಗಿ ನೋಡಿ. ಕಾರಣವಿಲ್ಲದೆ ಬದಲಾದ ಸಾಲು ಕಂಡರೆ ಸೇರಿಸಬೇಡಿ.

ಪರಿಶೀಲನೆ: ನಡೆಯುತ್ತಿದೆ

‘ಗಿಟ್ ರಿವ್ಯೂ’ ಕೊಟ್ಟರೆ ಪ್ಯಾಚ್ ಮೇಲೇರುತ್ತದೆ. ಸಂದೇಶದಲ್ಲಿ ‘ಬಗ್:’ ಸಾಲು (ಕೆಲಸಗಳ ಪಟ್ಟಿಯ ತಾಣವಾದ ಫ್ಯಾಬ್ರಿಕೇಟರ್‌ನ ಟಾಸ್ಕ್ ಸಂಖ್ಯೆ) ಚೇಂಜ್-ಐಡಿಯ ಪಕ್ಕದ ಸಾಲಿನಲ್ಲೇ ಇರಬೇಕು, ನಡುವೆ ಖಾಲಿ ಸಾಲು ಬಿಡಬಾರದು. ತಿದ್ದಲು ಹೇಳಿದರೆ ‘ಗಿಟ್ ಕಮಿಟ್ --ಅಮೆಂಡ್’, ಮತ್ತೆ ‘ಗಿಟ್ ರಿವ್ಯೂ’. ಚೇಂಜ್-ಐಡಿ ಹಾಗೇ ಉಳಿದರೆ ಅದೇ ಪ್ಯಾಚ್‌ನ ಎರಡನೇ ಆವೃತ್ತಿಯಾಗುತ್ತದೆ, ಅಳಿಸಿದರೆ ಹೊಸ ಪ್ಯಾಚ್ ಹುಟ್ಟಿ ಹಿಂದಿನ ಚರ್ಚೆಯೆಲ್ಲ ಹಳೆಯದರಲ್ಲೇ ಉಳಿಯುತ್ತದೆ. ಹೊಸಬರ ಪ್ಯಾಚಿಗೆ ಪೂರ್ತಿ ಸ್ವಯಂ ಪರೀಕ್ಷೆ ತಾನಾಗಿ ಓಡದೆ ಇರಬಹುದು, ನಂಬಿಕೆಯ ಪಟ್ಟಿಯಲ್ಲಿ ಇಮೇಲ್ ಸೇರಿದ ಮೇಲೆ ಆ ತೊಡಕು ಇರುವುದಿಲ್ಲ.

ಲಾಗಿನ್ ಆದ ಯಾರು ಬೇಕಾದರೂ +1 (ಒಪ್ಪಿಗೆಯ ಮತ) ಕೊಡಬಹುದು. ವಿಲೀನಕ್ಕೆ ಬೇಕಾದ +2 ಕೆಲವರಿಗೆ ಮಾತ್ರ. ಆ ಹಕ್ಕು ಬೇಕೆನ್ನುವವರು ಫ್ಯಾಬ್ರಿಕೇಟರ್‌ನಲ್ಲಿ ಬಹಿರಂಗವಾಗಿ ಕೇಳಬೇಕು. ಇತರರ ಪ್ಯಾಚ್‌ಗಳನ್ನು ‘ಗಿಟ್ ರಿವ್ಯೂ -ಡಿ’ಯಿಂದ ಇಳಿಸಿ, ಓಡಿಸಿ ನೋಡಿ, ಕಾರಣ ಬರೆದು +1 ಕೊಟ್ಟವರ ಮಾತಿಗೆ ಅಲ್ಲಿ ತೂಕ ಹೆಚ್ಚು.

ಬಾಕಿ: ನಾಮವರ್ಗದ ಹೆಸರು ತಿದ್ದುವ ಪ್ಯಾಚ್. ಹಳೆಯ ಹೆಸರನ್ನು ಅದೇ ಪ್ಯಾಚ್‌ನಲ್ಲಿ ನೇಮ್‌ಸ್ಪೇಸ್‌ಅಲಿಯಾಸಸ್ ಪಟ್ಟಿಗೆ ಸೇರಿಸದಿದ್ದರೆ, ಆ ಹೆಸರಿನಲ್ಲಿದ್ದ ಕೊಂಡಿಗಳೆಲ್ಲ ಮುರಿಯುತ್ತವೆ. ಹೊಸ ಹೆಸರಿನಿಂದ ಶುರುವಾಗುವ ಪುಟ ಮೊದಲೇ ಇದ್ದರೆ ನೇಮ್‌ಸ್ಪೇಸ್‌ಡ್ಯೂಪ್ಸ್ ಸ್ಕ್ರಿಪ್ಟ್ ಓಡಿಸುವವರೆಗೆ ಆ ಪುಟ ತೆರೆಯುವುದಿಲ್ಲ. ಓಡಿಸಬೇಕಾದವರು ಸರ್ವರ್ ನೋಡಿಕೊಳ್ಳುವವರು. ಹಾಗಾಗಿ ಈ ವಿಷಯ ಫ್ಯಾಬ್ರಿಕೇಟರ್ ಟಾಸ್ಕ್‌ನಲ್ಲೂ ಕಮಿಟ್ ಸಂದೇಶದಲ್ಲೂ ಇರಬೇಕು.