ಅರ್ಧ ಬಕೆಟ್ ನೀರು

ಬೆಳಿಗ್ಗೆ ಬಚ್ಚಲಲ್ಲಿ ಅರ್ಧ ಬಕೆಟ್ ನೀರು ಬಿಟ್ಟು ಫೋನ್ ಎತ್ತಲು ಹೋಗಿದ್ದೆ. ವಾಪಸ್ ಬಂದು ನೋಡಿದರೆ ಒಂದೂವರೆ ವರ್ಷದ ಮಗಳು ತುದಿಗಾಲಲ್ಲಿ ನಿಂತು, ಬಕೆಟ್ ಒಳಗೆ ಬಗ್ಗಿ, ತೇಲುತ್ತಿದ್ದ ಮಗ್ಗಿಗೆ ಕೈ ಚಾಚಿದ್ದಾಳೆ. ಏನೂ ಆಗಲಿಲ್ಲ. ನನ್ನ ಎದೆ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ, ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ 5 ವರ್ಷ ತುಂಬದ ಮಕ್ಕಳು. ಇದನ್ನು ಮೊದಲೇ ಓದಿದ್ದೆ, ಓದಿ ಸುಮ್ನೆ ಮುಂದೆ ಹೋಗಿದ್ದೆ. ಮುಳುಗುವುದು ಅಂದರೆ ನಮಗೆ ನೆನಪಾಗುವುದು ಕೆರೆ, ಸಮುದ್ರ, ಕೂಗಾಟ. ಪುಟ್ಟ ಮಕ್ಕಳ ವಿಷಯದಲ್ಲಿ ಸದ್ದೇ ಇರುವುದಿಲ್ಲ. ತಲೆ ಭಾರ ಜಾಸ್ತಿ, ಒಮ್ಮೆ ಮುಗ್ಗರಿಸಿದರೆ ತಾವಾಗಿ ಮೇಲೇಳಲು ಆಗುವುದಿಲ್ಲ, ಕೆಲವೇ ಅಂಗುಲ ನೀರು ಸಾಕು. ಮುಳುಗಿ ಸತ್ತವರ ಲೆಕ್ಕವನ್ನು ಯಾವ ವಯಸ್ಸು, ಯಾವ ಜಾಗ ಅಂತ ಬಿಡಿಸಿ ಇಡುವುದು ಇದಕ್ಕೇ ಅಲ್ವಾ? ಒಬ್ಬೊಬ್ಬರಿಗೆ ಒಂದೊಂದು ದಾರಿ. ದೊಡ್ಡ ಹುಡುಗರಿಗೆ ಈಜು, ದೋಣಿಯವರಿಗೆ ಲೈಫ್ ಜಾಕೆಟ್. ನನ್ನ ಮಗಳಿಗೆ ಖಾಲಿ ಬಕೆಟ್, ಬಚ್ಚಲ ಬಾಗಿಲಿಗೆ ಹಾಕಿದ ಚಿಲಕ.

ಚಿಲಕ ಸಡಿಲವಾಗಿ ಎಷ್ಟೋ ದಿನ ಆಯ್ತು. ಈಗ ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ.