ಒಂದೇ ತುಳಸಿ, ಮೂರು ಜಾಗ: ಇಲ್ಲಿಯವರೆಗಿನ ಕೆಲಸ

ಕುಂಡಗಳು ಈಗ ಮೂರು ಸಾಲಾಗಿ ಕೂತಿವೆ. ಒಂದು ಸಾಲು ಬಯಲಲ್ಲಿ, ಒಂದು ಗಾಜಿನ ಹಿಂದೆ, ಇನ್ನೊಂದು ತೆಳು ಪಾಲಿಥೀನ್ ಹಾಳೆಯ ಕೆಳಗೆ. ಎಲ್ಲವೂ ಒಂದೇ ತಾಯಿಗಿಡದ ಕಡ್ಡಿ ನೆಟ್ಟು ಮಾಡಿದವು. ಬೇಕಂತಲೇ ಬೀಜ ಬಿತ್ತಲಿಲ್ಲ.

ಯಾಕೆಂದರೆ 'ಆ ಸೀಮೆಯ ಗಿಡದಲ್ಲಿ ಸತ್ವ ಜಾಸ್ತಿ' ಅನ್ನುವ ಮಾತಿನಲ್ಲಿ ಎರಡು ವಿಷಯ ಬೆರೆತಿರುತ್ತವೆ. ಅಲ್ಲಿನ ಬಿಸಿಲು, ಮಣ್ಣು, ನೀರು ಗಿಡವನ್ನು ಹಾಗೆ ಮಾಡಿರಬಹುದು. ಇಲ್ಲವೇ ಅಲ್ಲಿರುವ ತಳಿಯೇ ಬೇರೆ ಇರಬಹುದು. ಬಜೆಯನ್ನೇ ನೋಡಿ. ಏಷ್ಯಾದ ಹಲವು ಕಡೆ ಸಿಗುವ, ಪ್ರತಿ ವರ್ಣತಂತುವಿನ ನಾಲ್ಕು ನಕಲು ಇರುವ ಬಜೆಯ ಎಣ್ಣೆಯಲ್ಲಿ ಬೀಟಾ-ಆಸರೋನ್ ಎಂಬ ಪದಾರ್ಥ ತುಂಬಾ ಇರುತ್ತದೆ. ಯುರೋಪಿನ ಮೂರು ನಕಲಿನದರಲ್ಲಿ ಕಡಿಮೆ. ಉತ್ತರ ಅಮೆರಿಕದ ಎರಡು ನಕಲಿನದರಲ್ಲಿ ಇಲ್ಲವೇ ಇಲ್ಲ. ನಕ್ಷೆ ನೋಡಿದವರು ಇದು ಮಣ್ಣಿನ ಮಹಿಮೆ ಅಂದುಕೊಳ್ಳಬಹುದು. ಆದರೆ ಮಣ್ಣು ಬದಲಿಸಿದರೆ ವರ್ಣತಂತು ಬದಲಾಗುವುದಿಲ್ಲ ಅಲ್ವಾ?

ದಕ್ಷಿಣ ಫ್ರಾನ್ಸಿನ ಕಾಡು ಥೈಮ್ (ತುಳಸಿ ಕುಟುಂಬದ್ದೇ ಒಂದು ಸುವಾಸನೆಯ ಗಿಡ) ಕಥೆ ಇನ್ನೂ ಸ್ವಾರಸ್ಯ. ಮೋಂಪೆಲಿಯೆ ಹತ್ತಿರದ ಒಂದು ತಗ್ಗಿನಲ್ಲಿ ಚಳಿಗಾಲದ ತಣ್ಣನೆ ಗಾಳಿ ಕೆಳಗೇ ನಿಂತುಬಿಡುತ್ತದೆ. ಅಲ್ಲಿ ಲಿನಲೂಲ್‌ನಂಥ ಸುವಾಸನೆಯ ಎಣ್ಣೆ ಪದಾರ್ಥಗಳನ್ನು ಮಾಡುವ ಗಿಡಗಳೇ ಜಾಸ್ತಿ. ಕೆಲವೇ ಕಿಲೋಮೀಟರ್ ಆಚೆ, ಬಿಸಿ ಒಣ ಗುಡ್ಡಗಳಲ್ಲಿ ಥೈಮಾಲ್, ಕಾರ್ವಕ್ರಾಲ್ ಮಾಡುವವು. ಯಾವುದನ್ನು ಮಾಡಬೇಕು ಅನ್ನುವುದು ಜೀನ್‌ಗಳ ತೀರ್ಮಾನ. ಎಲ್ಲಿ ಯಾವುದು ಉಳಿಯುತ್ತದೆ ಅನ್ನುವುದು ಚಳಿಯ ತೀರ್ಮಾನ. ಅಂದರೆ ಜಾಗ ಇಲ್ಲಿ ಗಿಡವನ್ನು ತಿದ್ದುತ್ತಿಲ್ಲ, ಆರಿಸುತ್ತಿದೆ.

ಕಡ್ಡಿ ನೆಟ್ಟರೆ ತಳಿಯ ಪ್ರಶ್ನೆ ಬದಿಗೆ ಹೋಗುತ್ತದೆ. ಉಳಿಯುವುದು ಜಾಗ. ಅದರಲ್ಲೂ ನಾನು ಹಿಡಿದಿರುವುದು ಒಂದೇ ಎಳೆ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಯುವಿ-ಬಿ (ನೇರಳಾತೀತ) ಕಿರಣ. ಎತ್ತರದ ಜಾಗಗಳಲ್ಲಿ ಇದು ಜಾಸ್ತಿ, ಕಿಟಕಿ ಗಾಜು ಬಹುಪಾಲು ತಡೆಯುತ್ತದೆ. ತುಳಸಿಯ ಹತ್ತಿರದ ನೆಂಟ ಕಾಮಕಸ್ತೂರಿಯ ಎಲೆಯ ಮೇಲಿನ ಎಣ್ಣೆ ಗ್ರಂಥಿಗಳು ಸರಿಯಾಗಿ ತುಂಬಿಕೊಳ್ಳಲು ಯುವಿ-ಬಿ ಬೇಕು ಎಂದು ಪ್ರಯೋಗಗಳು ತೋರಿಸಿವೆ. ಗಾಜಿನ ಹಿಂದೆ ಸೆಕೆಯೂ ಜಾಸ್ತಿ, ಅದೊಂದು ತೊಡಕು. ಅದಕ್ಕೇ ಪಾಲಿಥೀನ್ ಸಾಲು. ಯುವಿ ತಡೆಯುವ ಪದಾರ್ಥ ಸೇರಿಸದ ಸಾದಾ ಹಾಳೆ ಸೆಕೆ ಹಿಡಿದಿಡುತ್ತದೆ, ಆದರೆ ಯುವಿ-ಬಿಯನ್ನು ಒಳಗೆ ಬಿಡುತ್ತದೆ. ಹಸಿರುಮನೆಗೆಂದು ಮಾರುವ ಹಾಳೆ ಇದಕ್ಕೆ ಆಗುವುದಿಲ್ಲ.

ತುಳಸಿ ಎಣ್ಣೆಯ ಯುಜೆನಾಲ್ ಎಂಬ ಪದಾರ್ಥದ ಅಳತೆಗೆ ಟಿಎಲ್‌ಸಿ, ಅಂದರೆ ಸಿಲಿಕಾ ಬಳಿದ ತಟ್ಟೆ. ಅದರ ಮೇಲೆ ದ್ರಾವಕ ಏರುತ್ತಾ ಎಲೆಯ ಸಾರದ ಪದಾರ್ಥಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುತ್ತದೆ. ದ್ರಾವಕ ಟಾಲ್ವೀನ್ ಮತ್ತು ಈಥೈಲ್ ಅಸಿಟೇಟ್, 93:7 ಪ್ರಮಾಣದಲ್ಲಿ. ಬಾಗಿಲು ಕಿಟಕಿ ತೆರೆದೇ ಕೆಲಸ. ಪಕ್ಕದಲ್ಲಿ ಹೋಲಿಕೆಗೆ ಲವಂಗದ ಎಣ್ಣೆಯ ಚುಕ್ಕೆ, ಅದರಲ್ಲಿ ಬಹುಪಾಲು ಯುಜೆನಾಲ್ ಇರುವುದರಿಂದ. 254 ನ್ಯಾನೋಮೀಟರ್ ದೀಪದಡಿ ಕಪ್ಪು ಚುಕ್ಕೆ ಕಾಣುತ್ತದೆ. ತುಳಸಿಯಲ್ಲೇ ಇರುವ ಇನ್ನೊಂದು ಪದಾರ್ಥ ಮೀಥೈಲ್ ಯುಜೆನಾಲ್ ಅದರ ಹತ್ತಿರವೇ ಬಂದು ಕೂರುವುದು ತಲೆನೋವು. ಅದಕ್ಕೆ ಕೊನೆಯಲ್ಲಿ ಫೆರಿಕ್ ಕ್ಲೋರೈಡ್ ಸಿಂಪಡಿಸುತ್ತೇನೆ. ಯುಜೆನಾಲ್ ಫೀನಾಲ್ ಗುಂಪಿನ ಪದಾರ್ಥ ಆದ್ದರಿಂದ ಅದರ ಜೊತೆ ಬಣ್ಣ ಕೊಡುತ್ತದೆ, ಮೀಥೈಲ್ ಯುಜೆನಾಲ್ ಸುಮ್ನೆ ಇರುತ್ತದೆ. ಎಲೆಯನ್ನು ಆಲ್ಕೋಹಾಲ್ ಬದಲು ಹೆಕ್ಸೇನ್‌ನಲ್ಲಿ ನೆನೆಸುವುದೂ ಇದಕ್ಕೇ. ಆಲ್ಕೋಹಾಲಿಗೆ ಎಲೆಯಲ್ಲಿರುವ ರೋಸ್ಮರಿನಿಕ್ ಆಮ್ಲವೂ ಇಳಿದು ಬರುತ್ತದೆ, ಅದೂ ಬಣ್ಣ ಕೊಡುತ್ತದೆ.

ಸದ್ಯಕ್ಕೆ ಕಂಡದ್ದು ಇಷ್ಟು. ಒಂದೇ ತೂಕದ ಒಣ ಎಲೆಯಲ್ಲಿ ಗಾಜಿನ ಸಾಲಿನ ಚುಕ್ಕೆ ಮಸುಕು. ಬಯಲು ಮತ್ತು ಪಾಲಿಥೀನ್ ಸಾಲುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಸೆಕೆಗಿಂತ ಯುವಿಯೇ ಕಾರಣ ಎನ್ನುವತ್ತ ಇದು ಬೆರಳು ತೋರುತ್ತದೆ. ಆದರೆ ಗಾಜಿನ ಹಿಂದಿನ ಎಲೆಗಳು ದೊಡ್ಡವು, ಗಿಡವೂ ಸೊಂಪು. ಗ್ರಾಂ ಲೆಕ್ಕದಲ್ಲಿ ಕಡಿಮೆಯಾದದ್ದು ಇಡೀ ಗಿಡದ ಲೆಕ್ಕದಲ್ಲಿ ಕಡಿಮೆಯೇ ಆಗಬೇಕೆಂದಿಲ್ಲ. ಈ ಎರಡು ಲೆಕ್ಕಗಳನ್ನು ಬೆರೆಸಿ ಮಾತಾಡುವವರೇ ಜಾಸ್ತಿ, ನನಗಂತೂ ಕಿರಿಕಿರಿ.

ಮುಂದಿನ ಹೆಜ್ಜೆ ಅದಲು ಬದಲು. ಗಾಜಿನ ಹಿಂದಿನ ಕೆಲವು ಕುಂಡ ಬಯಲಿಗೆ, ಬಯಲಿನವು ಗಾಜಿನ ಹಿಂದೆ. ಗ್ರಂಥಿಗಳು ಎಲೆ ಚಿಗುರುವಾಗಲೇ ಮೂಡುವುದರಿಂದ ಹಳೆ ಎಲೆ ಲೆಕ್ಕಕ್ಕಿಲ್ಲ. ಜಾಗ ಬದಲಾದ ಮೇಲೆ ಬಂದ ಚಿಗುರಿಗೆ ನೂಲು ಕಟ್ಟಿ, ಅದು ಬಲಿತ ಮೇಲೆ ಅದನ್ನಷ್ಟೇ ಕೀಳುತ್ತೇನೆ.