ಕೊಪ್ಪನ್‌ಬರ್ಗ್ ಏರಿನಲ್ಲಿ ಒಂದು ಭಾನುವಾರ

2024ರ ಮಾರ್ಚ್ 31, ಈಸ್ಟರ್ ಭಾನುವಾರ. ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಸೈಕಲ್ ರೇಸ್ ನೋಡಲೆಂದು ಗೆಂಟ್‌ನಿಂದ ನೆರೆಮನೆಯ ಹಿರಿಯರ ಜೊತೆ ಹೊರಟು, ಕಾರನ್ನು ದೂರದಲ್ಲೇ ನಿಲ್ಲಿಸಿ, ಹೊಲದ ಬದುವಿನ ಮೇಲೆ ನಡೆದು ಕೊಪ್ಪನ್‌ಬರ್ಗ್ ಏರಿನ ನಡುಭಾಗದಲ್ಲಿ ಜಾಗ ಹಿಡಿದೆವು. ಸುಮಾರು 600 ಮೀಟರ್ ಉದ್ದದ ಈ ಏರುದಾರಿಗೆ ಡಾಂಬರಿಲ್ಲ, ಕಲ್ಲುಗಳನ್ನು ಒತ್ತೊತ್ತಾಗಿ ಹೂತಿದ್ದಾರೆ. ತೀರಾ ಕಡಿದಾದ ಕಡೆ ಏರು ನೂರಕ್ಕೆ 22ರಷ್ಟಿದೆ. ಮಳೆಗೆ ಆ ಕಲ್ಲುಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು.

ಸೈಕಲ್ ರೇಸಿನ ಪರಿಚಯ ನನಗೆ ಆದದ್ದು ಒಂದು ಔಷಧಿಯ ಮೂಲಕ. ಶಿವಮೊಗ್ಗದಲ್ಲಿ ಅಮ್ಮನಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ನಡೆಯುತ್ತಿದ್ದ ಕಾಲದಲ್ಲಿ, ಡಾಕ್ಟರು ಬರೆದುಕೊಡುತ್ತಿದ್ದ ಎರಿತ್ರೊಪೊಯೆಟಿನ್ ಇಂಜೆಕ್ಷನ್ನನ್ನು ಮೆಡಿಕಲ್ ಶಾಪಿನಿಂದ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದು, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲಿಡುವುದು ನನ್ನ ಕೆಲಸವಾಗಿತ್ತು. ಕೆಂಪು ರಕ್ತಕಣಗಳು ಹುಟ್ಟಲು ಬೇಕಾದ ಈ ಹಾರ್ಮೋನನ್ನು ತಯಾರಿಸುವುದು ಮೂತ್ರಪಿಂಡ. ಅದು ಸೋತರೆ ರಕ್ತವೂ ಸೊರಗುತ್ತದೆ. ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದ ಅಮ್ಮ ದೇವರ ಮನೆಗೆ ಹೋಗಿಬಂದರೂ ಏದುಸಿರು ಬಿಡುತ್ತಿದ್ದಳು. ಅದೇ ಮದ್ದನ್ನು ಗಟ್ಟಿಮುಟ್ಟಾದ ಸವಾರರು ಗೆಲುವಿಗಾಗಿ ಚುಚ್ಚಿಕೊಳ್ಳುತ್ತಿದ್ದರೆಂದು, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು ಕಿತ್ತುಕೊಂಡ 2012ರಲ್ಲಿ ಪತ್ರಿಕೆಯಲ್ಲಿ ಓದಿದಾಗ ಬಂದ ಸಿಟ್ಟು ಇಂದಿಗೂ ಪೂರ್ತಿ ಆರಿಲ್ಲ.

ಕಾಯುವ ಹೊತ್ತಿನಲ್ಲಿ ಇದನ್ನು ಹಿರಿಯರಿಗೆ ಹೇಳಿದೆ. ಅವರು ಯೋಹಾನ್ ಮ್ಯೂಸೆಯುವಿನ ಅಭಿಮಾನಿ. 1993, 1995 ಮತ್ತು 1998ರಲ್ಲಿ ಈ ರೇಸ್ ಗೆದ್ದು 'ಫ್ಲಾಂಡರ್ಸ್‌ನ ಸಿಂಹ' ಎನಿಸಿಕೊಂಡಿದ್ದ ಆತ, ವೃತ್ತಿಯ ಕೊನೆಯ ವರ್ಷದಲ್ಲಿ ತಾನು ಪ್ರಾಮಾಣಿಕನಾಗಿರಲಿಲ್ಲವೆಂದು 2007ರಲ್ಲಿ ಒಪ್ಪಿಕೊಂಡ. 1998ರಲ್ಲಿ ಫೆಸ್ಟಿನಾ ತಂಡದ ಸಹಾಯಕ ವಿಲ್ಲಿ ವೂಟ್ ಕಾರಿನ ತುಂಬ ಉದ್ದೀಪನ ಮದ್ದಿನೊಂದಿಗೆ ಸಿಕ್ಕಿಬಿದ್ದದ್ದು ಕೂಡ ಇಲ್ಲಿಂದ ಬಹಳ ದೂರವಲ್ಲದ ಬೆಲ್ಜಿಯಂ–ಫ್ರಾನ್ಸ್ ಗಡಿಯಲ್ಲಿ. ಆಗ ಆ ಹಾರ್ಮೋನನ್ನು ಪತ್ತೆಮಾಡುವ ಪರೀಕ್ಷೆಯೇ ಇರಲಿಲ್ಲ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 50 ದಾಟಬಾರದೆಂಬ 1997ರ ನಿಯಮವನ್ನು, ಅಲ್ಲಿಯವರೆಗೆ ಏರಿಸಿಕೊಳ್ಳಬಹುದೆಂಬ ಅನುಮತಿಯಂತೆ ಹಲವರು ಬಳಸಿಕೊಂಡರು. ಸವಾರನ ರಕ್ತವನ್ನು ಅವನದೇ ಹಿಂದಿನ ಲೆಕ್ಕಗಳೊಂದಿಗೆ ಹೋಲಿಸುವ ಜೈವಿಕ ಪಾಸ್‌ಪೋರ್ಟ್ ಬರಲು 2008ರವರೆಗೆ ಕಾಯಬೇಕಾಯಿತು. ಸಿಕ್ಕಿಬಿದ್ದವರಿಗಿಂತ ಹೆಚ್ಚಾಗಿ ನನ್ನನ್ನು ಕಾಡುವವನು ಅದೇ ಫೆಸ್ಟಿನಾ ತಂಡದಲ್ಲಿದ್ದೂ ಮದ್ದು ಮುಟ್ಟದ ಕ್ರಿಸ್ಟೋಫ್ ಬಸ್ಸೋನ್ಸ್. ಬಾಯಿಬಿಟ್ಟು ಮಾತನಾಡಿದ ತಪ್ಪಿಗೆ ಒಂಟಿಯಾಗಿ, 1999ರ ಟೂರ್ ಡಿ ಫ್ರಾನ್ಸ್ ಅನ್ನು ಅರ್ಧದಲ್ಲೇ ಬಿಟ್ಟು ಅವನು ಮನೆಗೆ ಹೋಗಬೇಕಾಯಿತು.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಮ್ಯೂಸೆಯು ಮೊದಲ ಸಲ ಗೆದ್ದಾಗ ನನ್ನ ತಂದೆ ಇನ್ನೂ ಇದ್ದರು. ಇಬ್ಬರೂ ಗಂಟಲು ಹರಿಯುವಂತೆ ಕೂಗಿದ್ದೆವು. ಆ ಕೂಗನ್ನು ಈಗ ಎಲ್ಲಿ ಇಡಲಿ ಹೇಳಿ," ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಹೆಲಿಕಾಪ್ಟರಿನ ಸದ್ದು ಹತ್ತಿರವಾಯಿತು. ವಿಶ್ವ ಚಾಂಪಿಯನ್ನನ ಕಾಮನಬಿಲ್ಲಿನ ಜೆರ್ಸಿ ತೊಟ್ಟ ಮ್ಯಾಥ್ಯೂ ವಾನ್ ಡೆರ್ ಪೂಲ್ ನಮ್ಮನ್ನು ದಾಟಿ ಮೇಲಕ್ಕೆ ಹೋದ. ಗುರಿ ಇನ್ನೂ ಸುಮಾರು 45 ಕಿಲೋಮೀಟರ್ ದೂರವಿತ್ತು. ಹಿಂದೆ ಬಂದವರಲ್ಲಿ ಬಹುತೇಕರ ಚಕ್ರಗಳು ಜಾರಿ ನಿಂತೇಬಿಟ್ಟವು. ಜಗತ್ತಿನ ಅತಿ ಬಲಶಾಲಿ ಸವಾರರು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು. ನನ್ನಿಂದ ಒಂದು ಮಾರು ದೂರದಲ್ಲಿ ಒಬ್ಬ ಹುಡುಗ ಕೆಳಗಿಳಿದ. ಶೂಗಳ ಅಡಿಯ ಗಟ್ಟಿ ಬಿಲ್ಲೆ ಕಲ್ಲಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ಜಾರಿ ಮಂಡಿಯೂರಿದ, ಗಲ್ಲದಿಂದ ಕೆಸರುನೀರು ಇಳಿಯಿತು, ಉಸಿರು ಸೀಟಿಯಂತೆ ಕೇಳಿಸಿತು. ಅವನ ರಕ್ತದಲ್ಲಿ ಏನಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು? ಆದರೂ ನನ್ನ ಬಾಯಿಂದ "ಏಳು ಮಾರಾಯ, ಏಳು!" ಎಂಬ ಕೂಗು ಹೊರಟಿತು. ಹಿರಿಯರೂ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ಹುಡುಗ ಎದ್ದು ಸೈಕಲ್ ತಳ್ಳುತ್ತಾ ಹೋದ.

ವಾನ್ ಡೆರ್ ಪೂಲ್ ಒಬ್ಬನೇ ಔಡೆನಾರ್ಡೆ ತಲುಪಿ ಮೂರನೆಯ ಬಾರಿ ಗೆದ್ದನೆಂಬ ಸುದ್ದಿ ನಮಗೆ ರೇಡಿಯೋದಲ್ಲಿ ಸಿಕ್ಕಿತು. ಮರಳುವ ದಾರಿಯಲ್ಲಿ ಹಿರಿಯರು, ಇಂಜೆಕ್ಷನ್ನಿನಿಂದ ನಿಮ್ಮ ತಾಯಿಗೆ ಗುಣವಾಯಿತೇ ಎಂದು ಕೇಳಿದರು. ಕಾಯಿಲೆ ಹೋಗಲಿಲ್ಲ, ಆದರೆ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 10ಕ್ಕೆ ಏರಿತು ಎಂದೆ. ಒಂದು ಬೆಳಿಗ್ಗೆ ಅಮ್ಮ ಯಾರಿಗೂ ಹೇಳದೆ, ಹಪ್ಪಳ ಒಣಹಾಕಲು ತಾರಸಿಯ ಹದಿನಾಲ್ಕು ಮೆಟ್ಟಿಲುಗಳನ್ನು ನಡುವೆ ಒಮ್ಮೆ ಮಾತ್ರ ನಿಂತು ಹತ್ತಿದ್ದಳು.